ಘಟಪ್ರಭೆಯ ಸ್ವಯಂಸೇವಕ: ಡಾ. ನಾ. ಸು. ಹರ್ಡೀಕರ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ನಮ್ಮ ಮನೆಗಳಲ್ಲಿ ಘಟಪ್ರಭಾ ಊರಿನ ಮಾತು ಎರಡು ಕಾರಣಕ್ಕೆ ಬರುತ್ತದೆ. ಒಂದು ರೈಲು ಹಿಡಿಯುವುದಕ್ಕೆ, ಇನ್ನೊಂದು ದವಾಖಾನೆಗೆ ಹೋಗುವುದಕ್ಕೆ. ಅಲ್ಲಿಯ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಅನ್ನು ನೋಡದವರು ಈ ಸೀಮೆಯಲ್ಲಿ ಕಡಿಮೆ. 1929ರಲ್ಲಿ ಅದನ್ನು ಕಟ್ಟಿದವರಲ್ಲಿ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ ಒಬ್ಬರು. ಅವರು ಸೇವಾದಳದ ಸಂಸ್ಥಾಪಕರೆಂಬುದು ಹಲವರಿಗೆ ಗೊತ್ತು. ಆದರೆ ಆ ಸೇವೆಯ ದೀಕ್ಷೆ ಅವರಿಗೆ ಸಿಕ್ಕಿದ್ದು ಸಾವಿರಾರು ಮೈಲಿ ದೂರದ ಪರದೇಶದಲ್ಲಿ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಆ ಕಥೆಯನ್ನು ಹೇಳುವುದು ಉಚಿತವೆನಿಸುತ್ತದೆ.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು. ತಂದೆ ಸುಬ್ಬರಾವ್, ತಾಯಿ ಯಮುನಾಬಾಯಿ. ಅವರು ಹರೆಯಕ್ಕೆ ಬಂದ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಲೋಕಮಾನ್ಯ ತಿಲಕರ ಸ್ವದೇಶಿಯ ಗಾಳಿ ಈ ಭಾಗದ ಶಾಲಾ ಹುಡುಗರ ತನಕ ಬೀಸಿತ್ತು. ಆ ಗಾಳಿ ಕುಡಿದು ಬೆಳೆದ ನಾರಾಯಣ, ದೂರದ ಕಲಕತ್ತೆಗೆ ಹೋಗಿ ವೈದ್ಯವಿದ್ಯೆ ಕಲಿತರು. ಅಷ್ಟಕ್ಕೇ ನಿಂತಿದ್ದರೆ ನಮ್ಮ ಊರುಗಳಲ್ಲಿ ಒಳ್ಳೆಯ ಡಾಕ್ಟರರೊಬ್ಬರು ಹೆಚ್ಚಾಗುತ್ತಿದ್ದರು, ಅಷ್ಟೆ.

1913ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅವರು ಹೆಚ್ಚಿನ ಓದಿಗೆಂದು ಅಮೆರಿಕೆಗೆ ಹೊರಟರು. ಇಂದು ನಮ್ಮ ಶಾಲೆಯಲ್ಲಿ ಕಲಿತವರ ಮಕ್ಕಳು ವಿಮಾನ ಏರಿ ಮರುದಿನ ಅಲ್ಲಿಂದ ಫೋನ್ ಮಾಡುತ್ತಾರೆ. ಆಗ ಹಡಗಿನ ಪ್ರಯಾಣವೇ ವಾರಗಟ್ಟಲೆ. ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಳು. ಮರುವರ್ಷವೇ ಮೊದಲನೆಯ ಮಹಾಯುದ್ಧ ಶುರುವಾಗಿ ಸಮುದ್ರ ಮಾರ್ಗವೂ ಅಪಾಯದ್ದಾಯಿತು. ಹೀಗೆ ಊರಿನ ಸಂಪರ್ಕವೇ ತೆಳುವಾದ ಕಾಲದಲ್ಲಿ ಅವರು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರ ಓದಿ 1916ರಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಆ ದಿನಗಳಲ್ಲಿ ಅಂಥ ಪದವಿ ಇದ್ದ ಭಾರತೀಯರು ಬೆರಳೆಣಿಕೆಯಷ್ಟು. ಊರಿಗೆ ಮರಳಿದ್ದರೆ ಒಳ್ಳೆಯ ಕೆಲಸ, ಮಾನ ಮರ್ಯಾದೆ ಎಲ್ಲವೂ ಕಾದಿದ್ದವು.

ಆದರೆ ಅವರು ಮರಳಲಿಲ್ಲ. ಪಂಜಾಬಿನ ಸಿಂಹ ಲಾಲಾ ಲಜಪತರಾಯರು ಆಗ ಅಮೆರಿಕೆಯಲ್ಲಿದ್ದರು. ಯುದ್ಧ ಮುಗಿಯುವವರೆಗೆ ಅವರು ಭಾರತಕ್ಕೆ ಬರದಂತೆ ಬ್ರಿಟಿಷ್ ಸರಕಾರ ತಡೆದಿತ್ತು. ಸುಮ್ಮನೆ ಕೂಡುವ ಜೀವ ಅದಲ್ಲ. ಭಾರತಕ್ಕೆ ಸ್ವರಾಜ್ಯ ಏಕೆ ಬೇಕೆಂಬುದನ್ನು ಅಮೆರಿಕದ ಜನರಿಗೆ ತಿಳಿಸಲು 1917ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಸ್ಥಾಪಿಸಿದರು. 1918ರ ಜನವರಿಯಿಂದ ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆ ಹೊರಡಿಸಿದರು. ಆ ಕೆಲಸದಲ್ಲಿ ಲಾಲಾಜಿಯ ಬಲಗೈಯಾಗಿ ನಿಂತವರು ನಮ್ಮ ಹರ್ಡೀಕರರು. ಡಾಕ್ಟರ್ ಪದವಿಯನ್ನು ಪಕ್ಕಕ್ಕಿಟ್ಟು ಸಂಸ್ಥೆಯ ಚಾಕರಿಗೆ ಇಳಿದರು.

ಅದು ಸುಲಭದ ಕಾಲವಾಗಿರಲಿಲ್ಲ. 1917ರಲ್ಲೇ ಅಮೆರಿಕ ಯುದ್ಧಕ್ಕೆ ಸೇರಿ ಬ್ರಿಟನ್ನಿನ ಮಿತ್ರರಾಷ್ಟ್ರವಾಯಿತು. ಅದೇ ವರ್ಷ ಅಲ್ಲಿ ಬಂದ ಹೊಸ ಕಾನೂನು ಭಾರತದ ಕೂಲಿಕಾರರಿಗೆ ಆ ದೇಶದ ಬಾಗಿಲು ಮುಚ್ಚಿತು. ಗದರ್ ಪಕ್ಷದ ಹಲವರ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊಕದ್ದಮೆ ನಡೆಯಿತು. ಸ್ವರಾಜ್ಯದ ಮಾತಾಡುವ ಭಾರತೀಯನ ಹಿಂದೆ ಬ್ರಿಟಿಷ್ ಗುಪ್ತಚರರ ಕಣ್ಣಿತ್ತು. ಅಂಥ ವಾತಾವರಣದಲ್ಲಿ ಕಾನೂನಿನ ಚೌಕಟ್ಟಿನೊಳಗೇ, ಬಹಿರಂಗವಾಗಿ, ದೇಶದ ಪರ ಮಾತಾಡುವುದಕ್ಕೆ ಎದೆಗಾರಿಕೆಯಷ್ಟೇ ತಾಳ್ಮೆಯೂ ಬೇಕಿತ್ತು. ಸದಸ್ಯರನ್ನು ಸೇರಿಸುವುದು, ಪತ್ರವ್ಯವಹಾರ, ಹಣದ ಲೆಕ್ಕ, ಸಭೆಗಳ ಏರ್ಪಾಡು ಇವೆಲ್ಲ ಕಣ್ಣಿಗೆ ಕಾಣದ ಕೆಲಸಗಳು. ಭಾಷಣಕಾರನಿಗೆ ಚಪ್ಪಾಳೆ ಸಿಗುತ್ತದೆ. ಕುರ್ಚಿ ಜೋಡಿಸಿದವನಿಗೆ ಸಿಗುವುದಿಲ್ಲ. ಕುರ್ಚಿ ಜೋಡಿಸುವವನಿಲ್ಲದೆ ಸಭೆಯೇ ಇಲ್ಲ ಎಂಬುದನ್ನು ಹರ್ಡೀಕರರು ಅಲ್ಲಿ ಕಲಿತರು. ಲಾಲಾಜಿ 1920ರಲ್ಲಿ ಸ್ವದೇಶಕ್ಕೆ ಮರಳಿದರು. ಹರ್ಡೀಕರರು ಮರಳಿದ್ದು 1921ರಲ್ಲಿ. ಎಂಟು ವರ್ಷ ಪರದೇಶದಲ್ಲಿ ಕಳೆದಿದ್ದವು. ಲಾಲಾಜಿಯ ಅಮೆರಿಕದ ದಿನಗಳನ್ನು ಕುರಿತು ಅವರು ಮುಂದೆ ಒಂದು ಪುಸ್ತಕವನ್ನೂ ಬರೆದರು.

ಮರಳಿ ಬಂದಾಗ ದೇಶದಲ್ಲಿ ಗಾಂಧೀಜಿಯ ಅಸಹಕಾರ ಚಳವಳಿ ನಡೆದಿತ್ತು. ಹರ್ಡೀಕರರು ಹುಬ್ಬಳ್ಳಿಯಲ್ಲಿ ನೆಲೆ ನಿಂತು ತರುಣರ ಸೇವಾ ಮಂಡಲ ಕಟ್ಟಿದರು. ಆ ತರುಣರ ಪರೀಕ್ಷೆ ಬೇಗನೆ ಬಂತು. 1923ರಲ್ಲಿ ನಾಗಪುರದಲ್ಲಿ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ಸರಕಾರ ತಡೆಯಿತು. ದೇಶದ ಮೂಲೆ ಮೂಲೆಗಳಿಂದ ಸತ್ಯಾಗ್ರಹಿಗಳು ಅಲ್ಲಿಗೆ ಹೋದರು. ಹುಬ್ಬಳ್ಳಿಯಿಂದ ಹರ್ಡೀಕರರ ತಂಡವೂ ಹೋಯಿತು. ಜೈಲಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಈ ಸುದ್ದಿ ದೇಶದ ನಾಯಕರ ಗಮನ ಸೆಳೆಯಿತು.

ಕ್ಷಮೆ ಕೇಳಿದವರೆಲ್ಲ ಹೇಡಿಗಳಾಗಿರಲಿಲ್ಲ. ಅವರಲ್ಲೂ ದೇಶಪ್ರೇಮವಿತ್ತು, ತಯಾರಿ ಇರಲಿಲ್ಲ. ಉತ್ಸಾಹ ಒಂದು ದಿನ ನಡೆಸುತ್ತದೆ, ವರ್ಷಗಟ್ಟಲೆ ನಡೆಸುವುದು ಶಿಸ್ತು. ಅಮೆರಿಕದ ದೀರ್ಘ ಸೇವೆಯಿಂದ ಹರ್ಡೀಕರರಿಗೆ ತಿಳಿದದ್ದು ಇದೇ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅವರ ಬೆಂಬಲವಿತ್ತು. ದುಡಿಮೆಯ ಹೆಚ್ಚಿನ ಪಾಲು ಹರ್ಡೀಕರರದು. ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿ.

ಮುಂದಿನ ವರ್ಷವೇ ಬೆಳಗಾವಿ ಅಧಿವೇಶನ. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ತಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಊರೇ ಎದ್ದು ನಿಂತಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಅಂದು ತೋಡಿದ ಕಾಂಗ್ರೆಸ್ ಬಾವಿಯನ್ನು ನಾವು ಇಂದಿಗೂ ನೋಡಬಹುದು. ಆ ಜನಸಾಗರವನ್ನು ಸಂಭಾಳಿಸಿದವರು ಹರ್ಡೀಕರರು ತರಬೇತಿ ಕೊಟ್ಟ ಸ್ವಯಂಸೇವಕರು. ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಈ ಸೇವೆಗೆ ಕರೆತಂದರು. ವಿಧವೆಯರೂ ಗೃಹಿಣಿಯರೂ ಹೊಸ್ತಿಲು ದಾಟಿ ಸಾರ್ವಜನಿಕ ಕೆಲಸಕ್ಕೆ ಬಂದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಎಲ್ಲರೂ ಮೆಚ್ಚಿದರೆಂದಲ್ಲ. ಕವಾಯತು, ಸಮವಸ್ತ್ರ ಕಂಡು ಇದು ಅಹಿಂಸೆಗೆ ಒಗ್ಗದ ಸೈನಿಕ ಪದ್ಧತಿಯೆಂದು ಕಾಂಗ್ರೆಸ್ಸಿನ ಹಿರಿಯರಲ್ಲೇ ಕೆಲವರು ಆಕ್ಷೇಪಿಸಿದರು. ಹರ್ಡೀಕರರು ಜಗಳಕ್ಕೆ ಹೋಗದೆ ಶಿಬಿರದ ಮೇಲೆ ಶಿಬಿರ ನಡೆಸುತ್ತ ಹೋದರು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಧ್ವಜವಂದನೆ ಮಾಡುವ ಪದ್ಧತಿಯನ್ನು ಸೇವಾದಳ ಊರೂರಿಗೆ ಹಬ್ಬಿಸಿತು. 1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು. ಸರಕಾರಕ್ಕೆ ಅದರ ಬಲ ಅರ್ಥವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟರ ನಡುವೆಯೂ ಮಿಶಿಗನ್ನಿನಲ್ಲಿ ಕಲಿತ ವಿದ್ಯೆಯನ್ನು ಅವರು ಮರೆಯಲಿಲ್ಲ. ಡಾ. ಕೊಕಟನೂರ, ಡಾ. ವೈದ್ಯ ಅವರೊಡನೆ ಸೇರಿ ಘಟಪ್ರಭೆಯಲ್ಲಿ ಆರೋಗ್ಯ ಸಂಸ್ಥೆ ಕಟ್ಟಿದರು. ದೊಡ್ಡ ಪಟ್ಟಣದಲ್ಲಿ ಅಲ್ಲ, ಹಳ್ಳಿಗರ ಕೈಗೆ ಎಟಕುವ ಜಾಗದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರ ಆಗಸ್ಟ್ 26ರಂದು ತೀರಿಕೊಂಡರು. ಜನ್ಮಶತಾಬ್ದಿಯ 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ನಮ್ಮ ಶಾಲೆಯಿಂದ ಈ ಐವತ್ತು ವರ್ಷಗಳಲ್ಲಿ ಎಷ್ಟೋ ಮಕ್ಕಳು ಹೊರಗೆ ಹೋಗಿದ್ದಾರೆ. ಬೆಂಗಳೂರು, ಪುಣೆ, ಕೆಲವರು ಕಡಲಾಚೆಗೂ. ಹೋಗುವುದು ತಪ್ಪಲ್ಲ, ಹರ್ಡೀಕರರೂ ಹೋದವರೇ. ಹೋದಲ್ಲಿ ತನಗಾಗಿ ಮಾತ್ರ ದುಡಿಯದೆ ಒಂದು ಪಾಲು ಹೊತ್ತನ್ನು ಪರರಿಗಾಗಿ ಇಟ್ಟರು. ಅಲ್ಲಿ ಕಲಿತದ್ದನ್ನು ಊರಿಗೆ ತಂದರು. ಎಲ್ಲರಿಗೂ ಮರಳಿ ಬರಲಾಗದು. ಆದರೆ ಶಾಲೆಯ ಒಂದು ಕೋಣೆಗೆ, ಒಬ್ಬ ಬಡ ಹುಡುಗಿಯ ಓದಿಗೆ, ಊರಿನ ಒಂದು ಕೆಲಸಕ್ಕೆ ಕೈ ಚಾಚುವುದು ಎಲ್ಲರಿಗೂ ಸಾಧ್ಯ. ಮುಂದಿನ ಸಲ ಘಟಪ್ರಭೆಯ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ, 1913ರಲ್ಲಿ ಒಬ್ಬನೇ ಹೊರಟ ಆ ತರುಣನನ್ನು ಒಮ್ಮೆ ನೆನೆಯೋಣ.