ವೇಲ್ಸ್ ನಾಡಿನ ನಟ-ನಾಟಕಕಾರ ಎಮ್ಲಿನ್ ವಿಲಿಯಮ್ಸ್

ವೇಲ್ಸ್ ಎಂಬುದು ಇಂಗ್ಲೆಂಡಿನದೇ ಒಂದು ಪ್ರಾಂತವೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಭೂಪಟವನ್ನಷ್ಟೇ ನೋಡಿದವರಿಗೆ ಹಾಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿನ ವೆಲ್ಷ್ ಭಾಷೆ ಇಂಗ್ಲಿಷಿನ ಉಪಭಾಷೆಯಲ್ಲ. ಬೇರೆಯೇ ಕುಲದ, ಹಳೆಯ ನುಡಿ. ಲಂಡನ್ನಿನ ರಂಗಭೂಮಿಯಲ್ಲಿಯೂ ಬ್ರಿಟಿಷ್ ಚಲನಚಿತ್ರರಂಗದಲ್ಲಿಯೂ ಹೆಸರಾಂತ ಎಮ್ಲಿನ್ ವಿಲಿಯಮ್ಸ್‌ನ ತಾಯ್ನುಡಿ ಅದು. ಎಂಟು ವರ್ಷ ತುಂಬುವ ತನಕ ಅವನಿಗೆ ಇಂಗ್ಲಿಷ್ ಬಾರದು. ಮುಂದೆ ಆ ಭಾಷೆಯಲ್ಲಿಯೇ ಅವನು ಅನ್ನವನ್ನೂ ಕೀರ್ತಿಯನ್ನೂ ಸಂಪಾದಿಸಿದ. ಆ ಸಂಪಾದನೆಗೆ ತೆತ್ತ ಬೆಲೆಯೇನೆಂಬ ಪ್ರಶ್ನೆ ಅವನನ್ನು ಬಿಡದೆ ಕಾಡಿತೆನ್ನಲು ಅವನ ಒಂದು ನಾಟಕ, ಒಂದು ಚಲನಚಿತ್ರ ಸಾಕ್ಷಿಯಾಗಿವೆ.

1905ರ ನವೆಂಬರ್ 26ರಂದು ಉತ್ತರ ವೇಲ್ಸಿನ ಫ್ಲಿಂಟ್‌ಷೈರಿನಲ್ಲಿ, ಮಾಸ್ಟಿನ್ನಿನ ಸಮೀಪದ ಹಳ್ಳಿಯೊಂದರಲ್ಲಿ ಅವನು ಹುಟ್ಟಿದ. ತಂದೆ ಹಿಂದೆ ಹಡಗಿನ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದವನು. ಆಮೇಲೆ ಹಳ್ಳಿಯ ಪಾನಗೃಹವೊಂದನ್ನು ನಡೆಸಿದ. ತಾಯಿ ಮದುವೆಗೆ ಮೊದಲು ಮನೆಗೆಲಸದವಳು. ಇಂಥ ಮನೆಯ ಹುಡುಗನ ದಾರಿ ಸಾಮಾನ್ಯವಾಗಿ ಗಣಿಗೋ ಕಾರ್ಖಾನೆಗೋ ಹೋಗಿ ಮುಟ್ಟುತ್ತಿತ್ತು. ಹೋಲಿವೆಲ್ಲಿನ ಪ್ರೌಢಶಾಲೆಯಲ್ಲಿ ಸಾರಾ ಗ್ರೇಸ್ ಕುಕ್ ಎಂಬ ಅಧ್ಯಾಪಿಕೆಯ ಕಣ್ಣಿಗೆ ಅವನು ಬೀಳದಿದ್ದರೆ ಹಾಗೆಯೇ ಆಗುತ್ತಿತ್ತೋ ಏನೋ. ಹುಡುಗನಿಗೆ ಭಾಷೆಗಳು ಒಲಿದಿರುವುದನ್ನು ಆಕೆ ಕಂಡುಕೊಂಡಳು. ಫ್ರೆಂಚನ್ನು ಆ ದೇಶದಲ್ಲಿಯೇ ಕಲಿತು ಬರಲೆಂದು ಅವನನ್ನು ಫ್ರಾನ್ಸಿಗೂ ಕಳುಹಿಸಿಕೊಟ್ಟಳು. 1923ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ವಿದ್ಯಾರ್ಥಿವೇತನ ಪಡೆದು ಅವನು ಸೇರಿದುದು ಆಕೆಯ ಪರಿಶ್ರಮದ ಫಲ. ಅಲ್ಲಿ ಅವನ ಮನಸ್ಸನ್ನು ಸೆಳೆದುದು ಪಠ್ಯಕ್ಕಿಂತ ವಿಶ್ವವಿದ್ಯಾನಿಲಯದ ನಾಟಕಸಂಘ. 1926ರಲ್ಲಿ ಅವನ ಮನಸ್ಸು ಕುಸಿಯಿತು; ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳಿದ. ಆಗಲೂ ಬರೆಯುವಂತೆ ಒತ್ತಾಯಿಸಿದವಳು ಅದೇ ಅಧ್ಯಾಪಿಕೆ. ಔಷಧವೆಂದು ಹಿಡಿದ ಲೇಖನಿಯೇ ಮುಂದೆ ವೃತ್ತಿಯಾಯಿತು.

1927ರಲ್ಲಿ ಲಂಡನ್ನಿನ ರಂಗವನ್ನೇರಿದ ವಿಲಿಯಮ್ಸ್‌ಗೆ ಎಂಟು ವರ್ಷಗಳ ತರುವಾಯ ದೊಡ್ಡ ಯಶಸ್ಸು ಬಂದಿತು. ‘ನೈಟ್ ಮಸ್ಟ್ ಫಾಲ್’ ಎಂಬ ಆ ಕೊಲೆಗಾರನ ನಾಟಕದಲ್ಲಿ, ನಯವಾದ ಮಾತಿನಿಂದ ಎಲ್ಲರನ್ನೂ ಮರುಳುಗೊಳಿಸುವ ಹಂತಕ ಡ್ಯಾನಿಯ ಪಾತ್ರವನ್ನು ತನಗಾಗಿಯೇ ಬರೆದುಕೊಂಡಿದ್ದ. ಅಷ್ಟರಲ್ಲಿ ಚಲನಚಿತ್ರರಂಗವೂ ಅವನನ್ನು ಕರೆದಿತ್ತು. ಚಿತ್ರಗಳು ಆಗತಾನೆ ಮಾತು ಕಲಿತಿದ್ದ ಕಾಲ. ಆಡುವಂಥ ಮಾತನ್ನು ಬರೆಯಬಲ್ಲವರಿಗೆ ಬೇಡಿಕೆಯಿತ್ತು. ‘ಎವರ್‌ಗ್ರೀನ್’ ಚಿತ್ರಕಥೆಯಲ್ಲಿ ಅವನ ಕೈಯಿದೆ. ಹಿಚ್‌ಕಾಕ್ 1934ರಲ್ಲಿ ತೆಗೆದ ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’ ಚಿತ್ರಕ್ಕೂ, ಕಿಂಗ್ ವಿಡರ್‌ನ ‘ದಿ ಸಿಟಾಡೆಲ್’ ಚಿತ್ರಕ್ಕೂ ಸಂಭಾಷಣೆಗಳನ್ನು ಒದಗಿಸಿದ. ಎರಡನೆಯದರಲ್ಲಿ ನಟಿಸಿಯೂ ನಟಿಸಿದ. ಸ್ಟರ್ನ್‌ಬರ್ಗ್‌ನ ‘ಐ, ಕ್ಲಾಡಿಯಸ್’ ಚಿತ್ರದಲ್ಲಿ ಉನ್ಮತ್ತ ಚಕ್ರವರ್ತಿ ಕ್ಯಾಲಿಗುಲನ ಪಾತ್ರ ವಹಿಸಿದ್ದ. ದುರದೃಷ್ಟವಶಾತ್ 1937ರಲ್ಲಿ ಆ ಚಿತ್ರ ಅರ್ಧದಲ್ಲೇ ನಿಂತುಹೋಯಿತು. ಇವೆಲ್ಲ ನಿಪುಣನಾದ ಕಸಬುದಾರನ ಕೆಲಸಗಳೇ ಸರಿ. ಆದರೆ ಅವನು ಒಳಗಿನಿಂದ ತೆಗೆದುಕೊಟ್ಟ ಕೃತಿಗಳು ಬೇರೆ.

ಮೊದಲನೆಯದು ‘ದಿ ಕಾರ್ನ್ ಈಸ್ ಗ್ರೀನ್’. ಪೈರು ಹಸುರಾಗಿದೆ ಎಂದು ಆ ಹೆಸರಿನ ಅರ್ಥ. 1938ರ ಸೆಪ್ಟೆಂಬರಿನಲ್ಲಿ ಅದು ಲಂಡನ್ನಿನಲ್ಲಿ ರಂಗವನ್ನೇರಿತು. ವೇಲ್ಸಿನ ಗಣಿಗಾರರ ಹಳ್ಳಿಗೆ ಮಿಸ್ ಮಾಫಟ್ ಎಂಬ ಇಂಗ್ಲಿಷ್ ಮಹಿಳೆ ಬಂದು ಶಾಲೆ ತೆರೆಯುತ್ತಾಳೆ. ಮಸಿಮೆತ್ತಿದ ಕೈಗಳ ಮಾರ್ಗನ್ ಇವಾನ್ಸ್ ಎಂಬ ಹುಡುಗನಲ್ಲಿ ಪ್ರತಿಭೆಯ ಕಿಡಿಯನ್ನು ಕಂಡು ಅವನನ್ನು ಆಕ್ಸ್‌ಫರ್ಡಿಗೆ ಸಿದ್ಧಪಡಿಸುತ್ತಾಳೆ. ಆ ನಡುವೆ ಅವನು ಒಂದು ಕೂಸಿನ ತಂದೆಯಾದನೆಂದು ತಿಳಿದಾಗ, ಅವನ ಓದು ನಿಲ್ಲದಿರಲೆಂದು ಆ ಕೂಸನ್ನು ತಾನೇ ಸಾಕಲು ಒಪ್ಪಿಕೊಳ್ಳುತ್ತಾಳೆ. ಸಿಬಿಲ್ ಥಾರ್ನ್‌ಡೈಕ್ ಅಧ್ಯಾಪಿಕೆಯಾದಳು. 32 ವರ್ಷದ ವಿಲಿಯಮ್ಸ್ ಹುಡುಗನಾದ. ಆ ಅಧ್ಯಾಪಿಕೆ ಯಾರ ಪಡಿಯಚ್ಚೆಂಬುದನ್ನು ಹೇಳಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ಎಥೆಲ್ ಬ್ಯಾರಿಮೋರ್, 1945ರ ಹಾಲಿವುಡ್ ಚಿತ್ರದಲ್ಲಿ ಬೆಟ್ಟೆ ಡೇವಿಸ್ ಅದೇ ಪಾತ್ರವನ್ನು ವಹಿಸಿದರು. ಊರು ಬಿಟ್ಟು ಹೋಗುವವನನ್ನು ಈ ನಾಟಕ ಹರಸಿ ಕಳುಹಿಸುತ್ತದೆ. ಅದರಲ್ಲಿ ಭಾವುಕತೆ ಹೆಚ್ಚಾಯಿತೆನ್ನುವವರಿದ್ದಾರೆ. ಋಣ ತೀರಿಸಲು ಕುಳಿತವನು ತಕ್ಕಡಿ ಹಿಡಿದು ತೂಗಲಾರ.

ಹನ್ನೊಂದು ವರ್ಷಗಳ ಬಳಿಕ, 1949ರಲ್ಲಿ, ಹೋದವನು ಮರಳಿ ಬರುವ ಕಥೆಯನ್ನು ಅವನು ಚಲನಚಿತ್ರವಾಗಿ ಮಾಡಿದ. ‘ದಿ ಲಾಸ್ಟ್ ಡೇಸ್ ಆಫ್ ಡಾಲ್ವಿನ್’ ಅದರ ಹೆಸರು. ಕಥೆ, ಸಂಭಾಷಣೆ, ನಿರ್ದೇಶನ, ಒಂದು ಮುಖ್ಯ ಪಾತ್ರ ಎಲ್ಲವೂ ಅವನವೇ. ಅವನು ನಿರ್ದೇಶಿಸಿದ ಚಿತ್ರ ಅದೊಂದೇ. 1880ರ ದಶಕದಲ್ಲಿ ಲಿವರ್‌ಪೂಲ್ ನಗರದ ಕುಡಿಯುವ ನೀರಿಗಾಗಿ ವರ್ನ್‌ವಿ ನದಿಗೆ ಕಟ್ಟೆ ಕಟ್ಟಿ ಲ್ಯಾನ್‌ವುದಿನ್ ಎಂಬ ವೆಲ್ಷ್ ಗ್ರಾಮವನ್ನು ಮುಳುಗಿಸಿದ್ದರು. ಚಿತ್ರದ ಡಾಲ್ವಿನ್ನಿಗೂ ಅದೇ ಗತಿ ಕಾದಿದೆ. ಊರನ್ನು ಕೊಳ್ಳಲು ನೀರಿನ ಕಂಪನಿಯ ಪರವಾಗಿ ಬರುವ ರಾಬ್ ಅನ್ಯನಲ್ಲ. ಬಾಲ್ಯದಲ್ಲಿ ಕಳ್ಳನೆನಿಸಿ ಅಲ್ಲಿಂದ ಅಟ್ಟಿಸಿಕೊಂಡವನು, ಈಗ ಇಂಗ್ಲಿಷ್ ಮಾತು, ಇಂಗ್ಲಿಷ್ ಉಡುಪಿನ ದೊಡ್ಡಮನುಷ್ಯ. ಊರವರ ಭಾಷೆ ಅವನಿಗೆ ಚೆನ್ನಾಗಿ ಗೊತ್ತು. ಆದುದರಿಂದಲೇ ಅವನು ಹೆಚ್ಚು ಅಪಾಯಕಾರಿ. ಆ ಪಾತ್ರವನ್ನು ವಿಲಿಯಮ್ಸ್ ಬೇರೆ ಯಾರಿಗೂ ಕೊಡಲಿಲ್ಲ. ಹನ್ನೊಂದು ವರ್ಷ ಹಿಂದೆ ಹರಕೆ ಹೊತ್ತು ಹೊರಟ ಹುಡುಗನಾಗಿದ್ದವನೇ ಈಗ ಹುಟ್ಟೂರನ್ನು ಮಾರಿಸಲು ಬಂದವನು! ಊರಿಗೆ ಬೆಂಕಿಯಿಡಲೆತ್ನಿಸಿ ರಾಬ್ ಹೊಡೆದಾಟದಲ್ಲಿ ಸಾಯುತ್ತಾನೆ. ಕೊಂದ ಸಾಕುಮಗನನ್ನು ಉಳಿಸಲು ಮುದುಕಿ ಮೆರಿ ತಾನೇ ಅಣೆಕಟ್ಟಿನ ನೀರನ್ನು ಬಿಟ್ಟು, ತಾನು ಕಾಯ್ದುಕೊಂಡಿದ್ದ ಊರನ್ನು ಮುಳುಗಿಸುತ್ತಾಳೆ. ಮೆರಿಯಾದವಳು ಈಡಿತ್ ಇವಾನ್ಸ್. ಇಂಗ್ಲಿಷ್ ಚಿತ್ರವಾದರೂ ಅದರಲ್ಲಿ ವೆಲ್ಷ್ ಮಾತು ಕೇಳಿಬರುತ್ತದೆ. ಚಿತ್ರ ಬಂದ ಹದಿನಾರು ವರ್ಷಗಳಿಗೆ, 1965ರಲ್ಲಿ, ಅದೇ ಲಿವರ್‌ಪೂಲಿನ ನೀರಿಗಾಗಿ ಕಾಪೆಲ್ ಕೆಲಿನ್ ಎಂಬ ಮತ್ತೊಂದು ವೆಲ್ಷ್ ಗ್ರಾಮ ನಿಜವಾಗಿಯೇ ಮುಳುಗಿತು.

ಸಾಕುಮಗನ ಪಾತ್ರದಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡ ಯುವಕ ರಿಚರ್ಡ್ ಬರ್ಟನ್. ಗಣಿಗಾರನ ಮಗನಾದ ಅವನನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡು, ತನ್ನ ಹೆಸರನ್ನೂ ಕೊಟ್ಟು ಬೆಳೆಸಿದವನು ಒಬ್ಬ ಶಾಲಾ ಅಧ್ಯಾಪಕ. ಅಂಥ ಹುಡುಗನನ್ನು ಗುರುತಿಸಲು ವಿಲಿಯಮ್ಸ್‌ಗಿಂತ ತಕ್ಕವರು ಯಾರು? ತನ್ನ ‘ದಿ ಡ್ರೂಯಿಡ್ಸ್ ರೆಸ್ಟ್’ ನಾಟಕದ ಮೂಲಕ ಅವನನ್ನು ರಂಗಕ್ಕೆ ತಂದಿದ್ದವನೂ ಅವನೇ.

1951ರಿಂದ ವಿಲಿಯಮ್ಸ್ ಗಡ್ಡ ಅಂಟಿಸಿಕೊಂಡು, ಡಿಕನ್ಸ್‌ನ ವೇಷ ಧರಿಸಿ, ಅವನ ಕೃತಿಗಳನ್ನು ಒಬ್ಬನೇ ರಂಗದ ಮೇಲೆ ನಿಂತು ವಾಚಿಸತೊಡಗಿದ. ಮುಂದೆ ಪುಸ್ತಕವಿರುತ್ತಿತ್ತು, ಪಾಠ ಮಾತ್ರ ಕಂಠಸ್ಥವಾಗಿತ್ತು. ಈ ವಾಚನ ಅವನನ್ನು ದೇಶದೇಶಗಳಿಗೆ ಕೊಂಡೊಯ್ದಿತು. 1961ರಲ್ಲಿ ಆತ್ಮಕಥೆಯ ಮೊದಲ ಭಾಗ ‘ಜಾರ್ಜ್’ ಹೊರಬಂದಿತು. ಬಾಲ್ಯದಲ್ಲಿ ಅವನಿಗಿದ್ದ ಹೆಸರು ಅದು. ಮಿಸ್ ಕುಕ್ 1964ರಲ್ಲಿ ತೀರಿಕೊಂಡಳು. 1973ರಲ್ಲಿ ‘ಎಮ್ಲಿನ್’ ಎಂಬ ಎರಡನೆಯ ಭಾಗ ಬಂದಿತು. ಕಥನ 1935ಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಭಾಗವನ್ನು ಅವನು ಪ್ರಕಟಿಸಲಿಲ್ಲ. 1987ರ ಸೆಪ್ಟೆಂಬರ್ 25ರಂದು ಲಂಡನ್ನಿನಲ್ಲಿ, 81ನೆಯ ವಯಸ್ಸಿನಲ್ಲಿ, ಅವನು ನಿಧನನಾದ.