ಶಿಶುಹೃದಯದ ವೈದ್ಯೆ ಹೆಲೆನ್ ಟೌಸಿಗ್

ಮಕ್ಕಳ ವೈದ್ಯರಾಗಬೇಕಾದರೆ ಏನು ಓದಬೇಕೆಂದು ಇಂದು ಯಾರನ್ನು ಕೇಳಿದರೂ ಹೇಳಿಯಾರು: ಐದೂವರೆ ವರ್ಷ ಎಂ.ಬಿ.ಬಿ.ಎಸ್., ಅದರ ಮೇಲೆ ಮೂರು ವರ್ಷ ಎಂ.ಡಿ. ದಾರಿ ದೂರವಾದರೂ ಮೈಲಿಗಲ್ಲುಗಳು ಕಣ್ಣಿಗೆ ಕಾಣುತ್ತವೆ. ಒಂದು ಶತಮಾನದ ಹಿಂದೆ ಅಮೆರಿಕದ ತರುಣಿಯೊಬ್ಬರು ಇದೇ ದಾರಿ ಹಿಡಿದಾಗ ಅವರಿಗೆ ಎದುರಾದವು ಬಹುಮಟ್ಟಿಗೆ ಬೇಲಿಗಳೇ.

ಹೆಲೆನ್ ಟೌಸಿಗ್ ಅವರು 1898ನೆಯ ಇಸವಿ ಮೇ 24ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಊರಿನಲ್ಲಿ ಜನಿಸಿದರು. ತಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಖ್ಯಾತ ಅರ್ಥಶಾಸ್ತ್ರಜ್ಞರು. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಮಗಳಿಗೂ ಆ ರೋಗದ ಸೋಂಕು ತಗುಲಿತ್ತು. ಇದು ಸಾಲದೆಂಬಂತೆ ಅಕ್ಷರಗಳನ್ನು ಕೂಡಿಸಿ ಓದುವುದೇ ಈ ಬಾಲಿಕೆಗೆ ಕಷ್ಟ; ಇಂದು ಅದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ತಂದೆಯವರೇ ಬಳಿ ಕೂರಿಸಿಕೊಂಡು ತಾಳ್ಮೆಯಿಂದ ಕಲಿಸಿದರು. ಅಂತಹ ತಂದೆ ಎಲ್ಲರಿಗೂ ದೊರೆಯುವುದಿಲ್ಲ. ಮನೆಯಲ್ಲಿ ಪುಸ್ತಕ ಹಿಡಿದು ಹೇಳಿಕೊಡುವವರಿಲ್ಲದೆ ಕಾಲೇಜಿನ ಮೆಟ್ಟಲು ಹತ್ತಿದ ನನ್ನಂಥವರಿಗೆ ಈ ಮಾತು ಬೇಗ ಹೊಳೆಯುತ್ತದೆ.

1921ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪದವಿ ಪಡೆದ ಮೇಲೆ ಆಕೆ ವೈದ್ಯವಿದ್ಯೆಯ ಬಾಗಿಲು ತಟ್ಟಿದರು. ಹಾರ್ವರ್ಡ್ ವೈದ್ಯಶಾಲೆ ಆಗ ಸ್ತ್ರೀಯರಿಗೆ ಪದವಿ ಕೊಡುತ್ತಿರಲಿಲ್ಲ. 1945ರವರೆಗೂ ಅಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಒಂದೆರಡು ವಿಷಯಗಳ ಪಾಠ ಕೇಳಬಹುದು, ಅಷ್ಟೆ. ಪಾಠದ ಹೊತ್ತಿನಲ್ಲಿ ಹುಡುಗರಿಂದ ದೂರ, ಮೂಲೆಯಲ್ಲಿ ಕೂರಬೇಕು. ಸೂಕ್ಷ್ಮದರ್ಶಕದ ಕೆಲಸವನ್ನು ಬೇರೊಂದು ಕೊಠಡಿಯಲ್ಲಿ ಒಬ್ಬರೇ ಮಾಡಬೇಕು. ವಿದ್ಯಾದೇಗುಲವೆಂದು ಲೋಕವೇ ಹೊಗಳುವ ಸ್ಥಳದಲ್ಲಿ ಈ ಮಡಿ! ಅನಂತರ ಬಾಸ್ಟನ್ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅಂಗರಚನಾಶಾಸ್ತ್ರದ ಅಧ್ಯಾಪಕ ಅಲೆಕ್ಸಾಂಡರ್ ಬೆಗ್ ಎಂಬುವರು ಆಕೆಯ ಕೈಗೆ ಎತ್ತಿನ ಹೃದಯವೊಂದನ್ನು ಕೊಟ್ಟು, ಅದನ್ನು ಅಭ್ಯಾಸ ಮಾಡಲು ಹೇಳಿದರು. ಒಬ್ಬ ಉಪಾಧ್ಯಾಯರ ಇಷ್ಟು ಚಿಕ್ಕ ಕೆಲಸದಿಂದ ಒಂದು ಜೀವಮಾನದ ವಿಷಯ ಗೊತ್ತಾಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ಗೆ ಸೇರಬೇಕೆಂದು ಸಲಹೆಯಿತ್ತವರೂ ಅವರೇ. ಆ ವೈದ್ಯಶಾಲೆ 1893ರಲ್ಲಿ ಆರಂಭವಾಗುವ ಮುನ್ನ ಹಣಕ್ಕೆ ತೊಡಕಾದಾಗ ಮೇರಿ ಗ್ಯಾರೆಟ್ ಮೊದಲಾದ ಮಹಿಳೆಯರು ದ್ರವ್ಯ ಕೂಡಿಸಿ, ಹೆಣ್ಣುಮಕ್ಕಳಿಗೂ ಗಂಡಸರ ಸಮಾನ ಷರತ್ತಿನಲ್ಲಿ ಪ್ರವೇಶ ಕೊಡತಕ್ಕದ್ದೆಂದು ಕರಾರು ಮಾಡಿಸಿದ್ದರು.

1927ರಲ್ಲಿ ಎಂ.ಡಿ. ಆಯಿತು. ಆದರೆ ಟೌಸಿಗ್ ಅವರು ಬಯಸಿದ್ದು ಶಿಶುವೈದ್ಯವನ್ನಲ್ಲ. ವಯಸ್ಕರ ವೈದ್ಯವಿಭಾಗದಲ್ಲಿ ಮಹಿಳೆಗೆಂದು ಇದ್ದದ್ದು ಒಂದೇ ಸ್ಥಾನ. ಕೂದಲೆಳೆಯ ಅಂತರದಲ್ಲಿ ಅದು ಬೇರೊಬ್ಬಾಕೆಗೆ ಹೋಯಿತು. ಒಂದು ವರ್ಷ ಹೃದಯಪರೀಕ್ಷಾ ವಿಭಾಗದಲ್ಲಿ ಕಳೆದು, ಬಳಿಕ ಮಕ್ಕಳ ವಿಭಾಗದಲ್ಲಿ ತರಬೇತಿಗೆ ಸೇರಿದರು. ಜೀವನಚರಿತ್ರೆಗಳಲ್ಲಿ ತೊಟ್ಟಿಲಲ್ಲೇ ಗುರಿ ಕಂಡವರ ಕಥೆ ಬಹಳ, ಇಲ್ಲಿ ಹಾಗಿಲ್ಲ. 1930ರಲ್ಲಿ ವಿಭಾಗದ ಮುಖ್ಯಸ್ಥ ಎಡ್ವರ್ಡ್ಸ್ ಪಾರ್ಕ್ ಅವರು ಮಕ್ಕಳ ಹೃದ್ರೋಗ ಚಿಕಿತ್ಸಾಲಯವನ್ನು ಆಕೆಗೆ ಒಪ್ಪಿಸಿದರು. ಅಷ್ಟರಲ್ಲಿ ಕಿವಿ ಮಂದವಾಗತೊಡಗಿತ್ತು. ಎದೆಯ ಬಡಿತವನ್ನು ಕೇಳಿಯೇ ರೋಗ ತಿಳಿಯಬೇಕಾದ ವೈದ್ಯೆಗೆ ಕಿವಿಯೇ ಹೋದರೆ ಗತಿಯೇನು? ಆಕೆ ತುಟಿಯ ಚಲನೆಯಿಂದ ಮಾತು ತಿಳಿಯಲು ಕಲಿತರು. ಮಗುವಿನ ಎದೆಯ ಮೇಲೆ ಬೆರಳಿಟ್ಟು ಬಡಿತವನ್ನು ಗುರುತಿಸಿದರು. ಕ್ಷಕಿರಣದ ಪರದೆಯ ಮೇಲೆ ಹೃದಯದ ಆಕಾರವನ್ನು ನೋಡಿ ನೋಡಿ ಪಳಗಿದರು.

ಅಲ್ಲಿಗೆ ಬರುತ್ತಿದ್ದ ಕೆಲವು ಮಕ್ಕಳ ತುಟಿ, ಉಗುರುಗಳು ನೀಲಿಗಟ್ಟಿರುತ್ತಿದ್ದವು. ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇವರಲ್ಲಿ ಹಲವರ ಸ್ಥಿತಿ ಒಂದು ವಿಶೇಷ ಗಳಿಗೆಯಲ್ಲಿ ಕೆಡುತ್ತದೆಂಬುದನ್ನು ಟೌಸಿಗ್ ಗಮನಿಸಿದರು. ಗರ್ಭದಲ್ಲಿರುವ ಶಿಶುವಿಗೆ ಮಹಾಧಮನಿಗೂ ಶ್ವಾಸಕೋಶದ ನಾಳಕ್ಕೂ ನಡುವೆ ಸಣ್ಣ ನಾಳವೊಂದು ಇರುತ್ತದೆ. ಹುಟ್ಟಿದ ಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಆ ನಾಳ ತೆರೆದಿರುವಷ್ಟು ದಿನ ನೀಲಿ ಮಗು ಹೇಗೋ ಬದುಕುತ್ತದೆ, ಮುಚ್ಚಿದೊಡನೆ ಕುಸಿಯುತ್ತದೆ. ಹಾಗಾದರೆ ಅಂತಹ ನಾಳವೊಂದನ್ನು ಮನುಷ್ಯನೇ ಏಕೆ ಕಟ್ಟಬಾರದು? 1938ರಲ್ಲಿ ಇದೇ ನಾಳವನ್ನು ಕಟ್ಟಿ ಮುಚ್ಚುವ ಶಸ್ತ್ರಕ್ರಿಯೆ ಮಾಡಿದ್ದ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಅವರ ಬಳಿಗೆ ಹೋಗಿ ಕೇಳಿದರು. ಅವರು ಒಪ್ಪಲಿಲ್ಲ.

1941ರಲ್ಲಿ ಹಾಪ್ಕಿನ್ಸ್‌ಗೆ ಬಂದ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಒಪ್ಪಿದರು. ಅವರೊಡನೆ ಬಂದಿದ್ದವರು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಸಹಾಯಕರು. ವೈದ್ಯನಾಗುವ ಆಸೆಯಿಂದ ಬಡಗಿಯ ಕೆಲಸ ಮಾಡಿ ಕೂಡಿಟ್ಟಿದ್ದ ಹಣ ಬ್ಯಾಂಕು ಮುಳುಗಿದಾಗ ಹೋಗಿತ್ತು. ನಾಯಿಗಳ ಮೇಲೆ ಪ್ರಯೋಗ ನಡೆಸಿ, ನಾಳ ಜೋಡಿಸುವ ವಿಧಾನವನ್ನು ಹದಕ್ಕೆ ತಂದವರು ಇವರೇ. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಮಗುವಿಗೆ, ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿದರು. ಬ್ಲೇಲಾಕರ ಬೆನ್ನ ಹಿಂದೆ ಕಾಲುಮಣೆಯ ಮೇಲೆ ನಿಂತು ಥಾಮಸ್ ಸೂಚನೆ ಕೊಡುತ್ತಿದ್ದರು. ಆ ಮಗು ಕೆಲವು ತಿಂಗಳ ಮೇಲೆ ತೀರಿಕೊಂಡಿತು. ಆದರೆ ಮುಂದೆ ಸಾವಿರಾರು ಮಕ್ಕಳು ಈ ಚಿಕಿತ್ಸೆಯಿಂದ ಬದುಕಿದರು. 1945ರ ಪ್ರಬಂಧದಲ್ಲಿ ಬ್ಲೇಲಾಕ್, ಟೌಸಿಗ್ ಇಬ್ಬರ ಹೆಸರೂ ಇದೆ, ಥಾಮಸರ ಹೆಸರಿಲ್ಲ. ಮೂಲೆಯಲ್ಲಿ ಕುಳಿತು ಪಾಠ ಕೇಳಿದ ಟೌಸಿಗ್ ಅವರಿಗೆ ಕಡೆಗೆ ಪದವಿಯಾದರೂ ದಕ್ಕಿತು. ಥಾಮಸರಿಗೆ ಮೂಲೆಯೂ ಸಿಗಲಿಲ್ಲ. ಗೌರವ ಡಾಕ್ಟರೇಟ್ ಬಂದದ್ದು 1976ರಲ್ಲಿ.

1947ರಲ್ಲಿ ಟೌಸಿಗ್ ಅವರ ಹುಟ್ಟು ಹೃದ್ರೋಗಗಳ ಮಹಾಗ್ರಂಥ ಹೊರಬಂದಿತು. ಪೂರ್ಣ ಪ್ರಾಧ್ಯಾಪಕ ಪದವಿ ಮಾತ್ರ 1959ರವರೆಗೆ ಕಾಯಿಸಿತು. 1962ರಲ್ಲಿ ಜರ್ಮನಿಗೆ ಹೋಗಿ, ಥಾಲಿಡೊಮೈಡ್ ಗುಳಿಗೆಯಿಂದ ಕೈಕಾಲು ಬೆಳೆಯದೆ ಹುಟ್ಟಿದ ಶಿಶುಗಳನ್ನು ಕಣ್ಣಾರೆ ಕಂಡು ಬಂದು ತಮ್ಮ ದೇಶವನ್ನು ಎಚ್ಚರಿಸಿದರು. ನಿವೃತ್ತಿಯ ಮೇಲೂ ಸುಮ್ಮನಿರದೆ ಹಕ್ಕಿಗಳ ಹೃದಯಗಳನ್ನು ಪರೀಕ್ಷಿಸುತ್ತಿದ್ದರು. 1986ರ ಮೇ 20ರಂದು, ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಲು ಗೆಳತಿಯರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಾಗ ಅಪಘಾತವಾಗಿ ತೀರಿಕೊಂಡರು. ಎಂಬತ್ತೆಂಟು ತುಂಬಲು ನಾಲ್ಕು ದಿನ ಉಳಿದಿತ್ತು. ದೇಹವನ್ನು ಹಾಪ್ಕಿನ್ಸ್ ವೈದ್ಯಶಾಲೆಗೆ ದಾನವಾಗಿ ಬರೆದಿಟ್ಟಿದ್ದರು.