ಜನಸಂಖ್ಯೆಯ ಲೆಕ್ಕವನ್ನು ಬರೆದ ಮಾಲ್ಥಸ್ ಪಂಡಿತನು

ಇಂಗ್ಲೆಂಡ್ ದೇಶದ ಸರ್ರೆ ಪ್ರಾಂತದಲ್ಲಿ 1766ನೆಯ ಇಸವಿಯಲ್ಲಿ ಥಾಮಸ್ ರಾಬರ್ಟ್ ಮಾಲ್ಥಸನು ಜನಿಸಿದನು. ಹುಟ್ಟಿನಿಂದಲೇ ತುಟಿಯೂ ಅಂಗಳವೂ ಸೀಳಿದ್ದುದರಿಂದ ಆತನ ಮಾತು ಸ್ಪಷ್ಟವಾಗಿರಲಿಲ್ಲ. ಆದರೂ ಕೇಂಬ್ರಿಜ್ಜಿನಲ್ಲಿ ಗಣಿತಶಾಸ್ತ್ರವನ್ನು ಕಲಿತು 1788ರ ಪರೀಕ್ಷೆಯಲ್ಲಿ ಒಂಬತ್ತನೆಯವನಾಗಿ ತೇರ್ಗಡೆ ಹೊಂದಿ, ಬಳಿಕ ದೀಕ್ಷೆ ಪಡೆದು, ಓಕ್‌ವುಡ್ ಎಂಬ ಬಡ ಹಳ್ಳಿಯ ದೇವಾಲಯದಲ್ಲಿ ಬೋಧಕನಾದನು.

ಮನುಷ್ಯಜಾತಿಯು ಬೇಗನೆ ಕೊರತೆಯಿಲ್ಲದ ಸ್ಥಿತಿಗೆ ಏರುವದೆಂದು ನಂಬಿದ್ದ ತಂದೆಯೊಡನೆ ಆತನಿಗೆ ವಾದವುಂಟಾಯಿತು. ಆ ವಾದದ ಫಲವೇ 1798ರಲ್ಲಿ ಹೆಸರಿಲ್ಲದೆ ಅಚ್ಚಾದ ಜನಸಂಖ್ಯಾ ಪ್ರಬಂಧ. ತಡೆಯಿಲ್ಲದಿದ್ದಲ್ಲಿ ಜನರು 25 ವರುಷಗಳಿಗೊಮ್ಮೆ ಇಮ್ಮಡಿಯಾಗುವರು, ಆಹಾರವಾದರೋ ಅಷ್ಟು ಕಾಲದಲ್ಲಿ ಒಂದೊಂದೇ ಪಾಲು ಕೂಡುತ್ತ ಹೋಗುವದು, ಎಂಬುದು ಅದರ ಸಾರ. ನಮ್ಮ ಹಟ್ಟಿಯನ್ನೇ ತಕ್ಕೊಳ್ಳೋಣ. ಇಲ್ಲಿ 1,000 ಜನರೂ ಅವರಿಗೆ ಸಾಕಾಗುವಷ್ಟು ಜೋಳವೂ ಇವೆಯೆಂದು ಭಾವಿಸಿರಿ. ವರುಷಗಳನ್ನು 25ರಿಂದ ಭಾಗಿಸಿ, ಬಂದಷ್ಟು ಸಾರಿ 2ರಿಂದ ಗುಣಿಸಬೇಕು. 100 ವರುಷಕ್ಕೆ 16,000 ಜನ, 225 ವರುಷಕ್ಕೆ 5,12,000 ಜನ. ಜೋಳವೋ 10,000 ಮಂದಿಗೆ ಮಾತ್ರ! ಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿ ನೋಡುವ ಹುಡುಗಿಗೆ ಮೊದಲ ನಾಲ್ಕು ಸಾಲುಗಳಲ್ಲಿ ಭಯವೇನೂ ತೋರದು. ಇಂಥ ಬೆಳವಣಿಗೆಯ ಗುಟ್ಟೇ ಅದು.

1803ರ ಎರಡನೆಯ ಮುದ್ರಣದಲ್ಲಿ ಆತನು ತಡವಾದ ವಿವಾಹವನ್ನು ಸೂಚಿಸಿದನು. ತಾನೂ 38ನೆಯ ವಯಸ್ಸಿನಲ್ಲಿ ಮದುವೆಯಾದನು. ಮೂವರು ಮಕ್ಕಳಾದರು.

1805ರಿಂದ ಸಾಯುವ ತನಕ ಆತನು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ, ಅಂದರೆ ನಮ್ಮ ದೇಶವನ್ನಾಳಲು ಬರುವ ತರುಣರಿಗೆ, ಅರ್ಥಶಾಸ್ತ್ರವನ್ನು ಕಲಿಸಿದನು. ಹೀಗೆ ಆತನ ಲೆಕ್ಕವು ಕಡಲು ದಾಟಿತು. 1876-78ರ ಮಹಾ ಕ್ಷಾಮದ ಮುಂಚೆ, 1871ರಲ್ಲಿ, ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷವಿತ್ತು. 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಬಾಯಿಗಳು ಹೆಚ್ಚಾದುದೇ ಕಾರಣವೆಂದವರುಂಟು. ಆದರೆ ಆ ವರುಷಗಳಲ್ಲಿಯೇ ಹಿಂದುಸ್ಥಾನದ ಧಾನ್ಯವು ಹೊರದೇಶಕ್ಕೆ ಹಡಗೇರುತ್ತಿತ್ತು. ಹಸಿದವನ ಕೈಯಲ್ಲಿ ಹಣವಿಲ್ಲದಿದ್ದುದನ್ನು ಮಾಲ್ಥಸನ ಎರಡು ಸಾಲುಗಳು ತೋರಿಸವು ಎಂಬುದು ನಮ್ಮ ಅಭಿಪ್ರಾಯ.

ಆತನು 1834ರ ಡಿಸೆಂಬರದಲ್ಲಿ ಬಾತ್ ಪಟ್ಟಣದಲ್ಲಿ ತೀರಿಕೊಂಡನು. ನಾಲ್ಕು ವರುಷಗಳ ತರುವಾಯ ಬೆಲ್ಜಿಯಮಿನ ಫೆರ್ಹುಲ್ಸ್ಟ್ ಎಂಬ ಗಣಿತಜ್ಞನು ಆ ಸಮೀಕರಣವನ್ನು ತಿದ್ದಿ, ಜನಸಂಖ್ಯೆಯು ತನ್ನ ಎಲ್ಲೆಯನ್ನು ಸಮೀಪಿಸಿದ ಹಾಗೆ ಬೆಳವಣಿಗೆಯು ತಾನೇ ನಿಧಾನವಾಗುವಂತೆ ಇನ್ನೊಂದು ಪದವನ್ನು ಅದಕ್ಕೆ ಸೇರಿಸಿದನು.